ಉತ್ತರಕ್ಕೆ ಮೊದಲೇ ಬಂದ ಹಸಿರು

ರಾಜಧಾನಿ ಬಿಷ್ಕೆಕ್ಕಿನ ಅಂಚಿನ ನಮ್ಮ ಬಡಾವಣೆಗೆ ನೀರಿಗಿಂತ ಮೊದಲು ತೆರಿಗೆ ಬಂತು, ರಸ್ತೆಗಿಂತ ಮೊದಲು ಚುನಾವಣೆ ಬಂತು. ಮೊಬೈಲ್ ನೆಟ್‌ವರ್ಕ್ ಇನ್ನೂ ದಾರಿಯಲ್ಲಿದೆ. ಇಲ್ಲಿ ಕೂತು ಮಿರ್‌ಗುಲ್ ವೆಬ್ ಪುಟ ಬರೆಯುವುದನ್ನು ಕಲಿತಳು. ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು, ಊಟದ ಬಿಡುವಿನಲ್ಲಿ ಒಡೆದ ಫೋನಿನಲ್ಲಿ ಪಾಠ ನೋಡಿ ನೋಡಿ ಕಲಿತಳು. ಕಾರ್ಖಾನೆ ಬಿಟ್ಟರೂ ಅಲ್ಲಿನ ಚಾಳಿ ಬಿಡಲಿಲ್ಲ: ಹೊಲಿಗೆಯ ಒಳಮಗ್ಗುಲು ತಿರುಗಿಸಿ ನೋಡದೆ ಬಟ್ಟೆ ಕೆಳಗಿಡುವವಳಲ್ಲ. ಒಂದೇ ಒಂದು ಸಲ ನೋಡದೆ ಇಟ್ಟಳು, ಅದರ ಕತೆ ಇದು.

ಅವಳಿಗೆ ಕೆಲಸ ಕೊಟ್ಟದ್ದು ನಗರದ ಮಧ್ಯದಲ್ಲಿ ಸಣ್ಣ ಕಂಪನಿ ನಡೆಸುವ ತುರಾತ್. ಒಂದನೇ ತರಗತಿಗೆ ಮಕ್ಕಳನ್ನು ಸೇರಿಸುವ ಪುಟ ಬರೆಯುವ ಗುತ್ತಿಗೆ ಅವನಿಗೆ ಸಿಕ್ಕಿತ್ತು. ಅಪ್ಪ ಅಮ್ಮ ಗುಂಡಿ ಒತ್ತಿದರೆ ಅರ್ಜಿ ದೂರದ ಸರ್ವರಿಗೆ ಹೋಗುತ್ತದೆ. ಉತ್ತರ ಆ ಕ್ಷಣಕ್ಕೆ ಬರುವುದಿಲ್ಲ. ಅಲ್ಲಿಯವರೆಗೆ ಪುಟದ ಕೈಯಲ್ಲಿರುವುದು ಬರೀ ಒಂದು ಮಾತು. ಈ ಕಸುಬಿನವರು ಅದನ್ನು ಪ್ರಾಮಿಸ್ ಅನ್ನುತ್ತಾರೆ. ಆ ಮಾತು ನಡೆಯಬಹುದು, ಮುರಿಯಬಹುದು. ಎರಡಕ್ಕೂ ಏನು ಮಾಡಬೇಕೆಂದು ಮೊದಲೇ ಬರೆದಿಡಬೇಕು. ಮಿರ್‌ಗುಲ್ ಬರೆದಿದ್ದಳು. ಕಾಯುವಾಗ ತಿರುಗುವ ಚಕ್ರ, ನಡೆದರೆ ಹಸಿರು, ಮುರಿದರೆ ಕೆಂಪು.

ಅಧಿಕಾರಿಗಳಿಗೆ ತೋರಿಸುವ ದಿನ ಚಕ್ರ ತಿರುಗಿತು, ತಿರುಗಿತು, ಕೊನೆಗೆ ಕೆಂಪಾಯಿತು. ದೊಡ್ಡವರು ಮುಖ ಸಿಂಡರಿಸಿದರು.

"ಏನ್ ಮಿರ್‌ಗುಲ್, ಮದುವೆ ಮನೇಲಿ ಸಾವಿನ ಸುದ್ದಿ ಹೇಳ್ದಂಗೆ!" ಅಂದ ತುರಾತ್, ಅವರು ಹೋದ ಮೇಲೆ. "ಒತ್ತಿದ ತಕ್ಷಣ ಹಸಿರು ಬರ್ಬೇಕು. ಕಾಯೋದೆಲ್ಲ ಹಿಂದ್ಗಡೆ ಕಾಯ್ಲಿ."

"ಮುರಿದ್ರೆ, ಬೈಕೆ?"

"ಮುರಿಯಲ್ಲ. ಮುರಿದ್ರೆ ಬಾಯಿ ಮುಚ್ಕೊಂಡಿರ್ಲಿ."

ಬೈಕೆ ಅಂದರೆ ಅಣ್ಣ. ಇಂಥ ಅಣ್ಣಂದಿರಿಗೆ ನಮ್ಮಲ್ಲಿ ಬರವಿಲ್ಲ. ಕಾಯಬೇಕೆಂಬ ಆಜ್ಞೆಯನ್ನು ಮಿರ್‌ಗುಲ್ ಅಳಿಸಿದಳು, ಕೆಂಪಿನ ಜಾಗವನ್ನು ಖಾಲಿ ಬಿಟ್ಟಳು. ಆಮೇಲೆ ಸರಿಮಾಡೋಣ ಅಂದುಕೊಂಡಳು. ಮಾಡಲಿಲ್ಲ.

ದಾಖಲಾತಿಯ ಬೆಳಿಗ್ಗೆ ನಗರಕ್ಕೆ ನಗರವೇ ಒಟ್ಟಿಗೆ ಗುಂಡಿ ಒತ್ತಿತು. ವೇಗದ ತಂತಿ ಇರುವ ಮನೆಗಳ ಅರ್ಜಿ ತಲುಪಿತು. ನಮ್ಮವು ದಾರಿಯಲ್ಲೇ ಸತ್ತವು. ಆದರೆ ಹಸಿರು? ಅದು ಎಲ್ಲರಿಗೂ ಬಂತು! ಸರ್ವರಿಗೆ ಬಡವರ ಗುರುತಿಲ್ಲ ನಿಜ, ಆದರೆ ನಿಧಾನ ಎಂಬುದು ವಾಸವಾಗಿರುವುದು ಬಡವರ ಬೀದಿಯಲ್ಲೇ.

ನಮ್ಮ ಬೀದಿಯ ತುದಿಯಲ್ಲಿ ಮಣ್ಣಿನ ತಂದೂರಿ ಒಲೆಯ ಒಳಗೋಡೆಗೆ ಅಂಟಿಸಿ, ಮಾಂಸ ತುಂಬಿದ ಸಂಸಾ ಸುಟ್ಟು ಮಾರುವವಳು ಬುರ್ಮಕನ್. ಮಗಳು ಐಪೆರಿಗಾಗಿ, ಸಿಗ್ನಲ್ ಹುಡುಕಿ ಮಾಡು ಹತ್ತಿ ಗುಂಡಿ ಒತ್ತಿದ್ದಳು, ಹಸಿರನ್ನು ಫೋಟೋ ಬೇರೆ ಹಿಡಿದಿಟ್ಟಿದ್ದಳು. ಶಾಲೆಗೆ ಹೋದರೆ ಹೆಸರೇ ಇಲ್ಲ. ಕಚೇರಿಯ ಹೆಂಗಸು ಫೋಟೋ ನೋಡಿ, "ಇಂಥ ಫೋಟೋನ ಈಗ ಮಕ್ಕಳೂ ತಯಾರು ಮಾಡ್ತಾರೆ. ಸುಳ್ಳಿಗೂ ಒಂದು ಮಿತಿ ಬೇಡ್ವೇನ್ರೀ?" ಅಂದಳಂತೆ, ಎಲ್ಲರೆದುರು.

ಬುರ್ಮಕನ್ ಮಿರ್‌ಗುಲ್‌ಳನ್ನು ತಂದೂರಿಯ ಹತ್ತಿರ ಕರೆಸಿದಳು. "ನೀನು ಆ ಪುಟದವಳಲ್ವಾ? ನೋಡು, ನಾನು ಸುಳ್ಳುಗಾತಿಯಂತೆ."

ಮಿರ್‌ಗುಲ್ ಫೋಟೋ ನೋಡಿದಳು. "ಎಜೆ," ಅಂದಳು, ಅಕ್ಕಂದಿರನ್ನು ನಾವು ಹಾಗೇ ಕರೆಯುವುದು. "ನೀವು ಗೋಡೆಗೆ ಸಂಸಾ ಅಂಟಿಸಿ, ಬೇಯೋವರೆಗೂ ಕೈಕಟ್ಟಿ ನಿಲ್ಲಲ್ಲ. ಮುಂದಿನದು ಲಟ್ಟಿಸ್ತೀರಿ."

"ನಿಂತ್ರೆ ನನ್ ಗಂಡ ಬಂದು ಲಟ್ಟಿಸ್ತಾನಾ?"

"ಕೆಲವು ಬೇಯ್ತವೆ, ಕೆಲವು ಜಾರಿ ಬೂದಿಗೆ ಬೀಳ್ತವೆ. ಬಗ್ಗಿ ನೋಡ್ದೆ ಗಿರಾಕಿಗೆ ಆಯ್ತು ಅಂತ ಹೇಳ್ತೀರಾ?"

"ಹೇಳಿದ್ರೆ ಮುಖಕ್ಕೆ ಉಗೀತಾರೆ."

"ಪುಟ ಹಾಗೇ ಹೇಳ್ತು. ಅಂಟಿಸಿದ ತಕ್ಷಣ ಆಯ್ತು ಅಂತು. ನಿಮ್ಮ ಅರ್ಜಿ ಬೂದಿಗೆ ಬಿದ್ದಿತ್ತು."

ಬುರ್ಮಕನ್ ಲಟ್ಟಣಿಗೆ ಕೆಳಗಿಟ್ಟಳು. "ಪುಟ ಹೇಳ್ತಾ, ನೀನು ಹೇಳ್ದ್ಯಾ?"

"ನಾನೇ."

"ಹಾಗಾದ್ರೆ ಆ ಶಾಲೇಲಿ ಹೋಗಿ ಹೇಳು. ನನ್ ಮುಂದೆ ಹೇಳ್ಕೊಂಡು ಏನ್ ಪ್ರಯೋಜನ?"

ಹೇಳಿದರೆ ಮಿರ್‌ಗುಲ್ ಮತ್ತೆ ಕಾಲರ್ ಹೊಲಿಯಬೇಕು. ಹೇಳದಿದ್ದರೆ ಐಪೆರಿ ಒಂದು ವರ್ಷ ತಂದೂರಿಯ ಪಕ್ಕ ಕೂತಿರಬೇಕು.

ಮೊದಲು ತುರಾತ್ ಬಳಿಗೆ ಹೋದಳು. ಅವನು ಚಹಾ ತರಿಸಿದ. ಮಾತು ಕೇಳಿ, "ನೆಟ್‌ವರ್ಕ್ ತಪ್ಪು ಅಂತ ಹೇಳಿಬಿಡೋಣ. ಆ ಜನಕ್ಕೆ ಏನ್ ಗೊತ್ತಾಗತ್ತೆ?" ಅಂದ.

"ಆ ಜನ ಅಂದ್ರೆ ನಾನೇ, ಬೈಕೆ."

ತುರಾತ್ ಕೆಟಲ್ ಎತ್ತಿ ಅವಳ ಬಟ್ಟಲನ್ನು ಅಂಚಿನವರೆಗೆ ತುಂಬಿದ. ಇನ್ನೂ ಕೂತಿರಲಿ ಅನ್ನಿಸುವವರಿಗೆ ನಾವು ಅರ್ಧ ಬಟ್ಟಲು ಹಾಕುತ್ತೇವೆ. ತುಂಬಿ ಕೊಟ್ಟರೆ ಕುಡಿದು ಹೊರಡು ಅಂತ. ಮಿರ್‌ಗುಲ್ ಸುಡುವ ಚಹಾವನ್ನು ಅಷ್ಟೂ ಕುಡಿದು ಬಟ್ಟಲು ಮುಂದೆ ಚಾಚಿದಳು.

"ಇನ್ನರ್ಧ ಹಾಕಿ. ಮಾತು ಮುಗ್ದಿಲ್ಲ."

ಅವನು ಹಾಕಲಿಲ್ಲ. ಅವಳು ಅಲ್ಲಿಂದೆದ್ದು ನೇರ ಶಾಲೆಗೆ ಹೋಗಿ, ಜಗಳಕ್ಕೆ ನಿಂತಿದ್ದ ತಾಯಂದಿರ ನಡುವೆ, ಆ ಕಚೇರಿಯ ಹೆಂಗಸಿಗೆ ಗಟ್ಟಿಯಾಗಿ ಹೇಳಿದಳು: "ಇವರು ಯಾರೂ ಸುಳ್ಳು ಹೇಳ್ತಿಲ್ಲ. ಸುಳ್ಳು ಹಸಿರು ಬರೆದವಳು ನಾನು." ತಾಯಂದಿರು ಅವಳನ್ನು ಮುತ್ತಿಕೊಂಡು ಬೈದರು, ಆಮೇಲೆ ಅವಳನ್ನೇ ಮುಂದಿಟ್ಟುಕೊಂಡು ಮೇಲಿನವರ ಬಳಿಗೆ ಹೊರಟರು.

ದಾಖಲಾತಿ ಮತ್ತೆ ತೆರೆಯಿತು. ಹೆದರಿದ ತುರಾತ್ ಅವಳಿಂದಲೇ ಪುಟ ಸರಿಮಾಡಿಸಿಕೊಂಡು, ಅದು ಸರಿಹೋದ ದಿನವೇ ಅವಳನ್ನು ಕೆಲಸದಿಂದ ತೆಗೆದ. ಅಷ್ಟರಲ್ಲಿ ಸೀಟಿಲ್ಲವೆಂದು ಮಕ್ಕಳನ್ನು ಬೆಟ್ಟದಾಚೆಯ ಅಜ್ಜಿಯರ ಊರಿಗೆ ಕಳಿಸಿಬಿಟ್ಟವರೂ ಇದ್ದರು. ಅವರಿಗೆ ಯಾರೂ ಉತ್ತರ ಕೊಡಲಿಲ್ಲ. ಈ ಮಾತನ್ನು ನಾನು ಬಿಡುವವನಲ್ಲ.

ದಾಖಲಾತಿ ಮತ್ತೆ ತೆರೆದ ಬೆಳಿಗ್ಗೆ ಬುರ್ಮಕನ್ ಮಾಡಿನ ಮೇಲೆ ಗುಂಡಿ ಒತ್ತಿದಳು. ಚಕ್ರ ತಿರುಗಿತು.

"ಎಷ್ಟೊತ್ತು ತಿರುಗತ್ತೆ ಈ ದರಿದ್ರದ್ದು?"

"ಅವರು ಉತ್ತರ ಕೊಡೋವರೆಗೂ," ಕೆಳಗಿನಿಂದ ಮಿರ್‌ಗುಲ್ ಅಂದಳು.

ಕೆಂಪು ಬಂತು: ನಿಮ್ಮ ಅರ್ಜಿ ತಲುಪಿಲ್ಲ, ಮತ್ತೆ ಕಳಿಸಿ. ಬುರ್ಮಕನ್ ಫೋನಿನ ವಂಶವನ್ನೆಲ್ಲ ಬೈದು ಮತ್ತೆ ಒತ್ತಿದಳು. ಮತ್ತೆ ಚಕ್ರ. ಹಸಿರು ಬಂದಾಗ ಅವಳು ನಂಬಲಿಲ್ಲ. ಹಿಟ್ಟಿನ ಕೈಯಲ್ಲೇ ಶಾಲೆಗೆ ನಡೆದು, ಹೆಸರು ಓದಿಸಿ ಕೇಳಿಕೊಂಡು ಬಂದಳು. ಐಪೆರಿ ಎಂಬ ಹೆಸರು ಇತ್ತು.

ವಾಪಸು ಬಂದವಳು ಹಿಟ್ಟಿನ ಕೈ ತೊಳೆದಳು. ತಂದೂರಿಗೆ ಬಗ್ಗಿ ಒಂದು ಸಂಸಾ ತೆಗೆದು ಮಿರ್‌ಗುಲ್ ಮುಂದಿಟ್ಟಳು. ಚಹಾ ಹಾಕಿದಳು, ಅರ್ಧ ಬಟ್ಟಲು.