ಅವಳ ಕವಡೆ, ನನ್ನ ಯಂತ್ರ

ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಕಂಪ್ಯೂಟರ್ ಇದ್ದದ್ದು ಎರಡೇ ಮನೆಗಳಲ್ಲಿ, ಮತ್ತು ಆ ಎರಡು ಯಂತ್ರಗಳಿಗೂ ಒಂದಕ್ಕೊಂದು ಆಗಿಬರುತ್ತಿರಲಿಲ್ಲ. ನಮ್ಮದು ಸೋದರಮಾವ ಗಲ್ಫಿನಿಂದ ತಂದ ಕಂದು ಬಣ್ಣದ ಯಂತ್ರ. ಕೆಳಗಿನ ಮನೆಯ ಗೆಳತಿಯದು ರಬ್ಬರ್ ಗುಂಡಿಗಳ ಕರಿ ಯಂತ್ರ. ಎರಡನ್ನೂ ಟಿವಿಗೆ ಸಿಕ್ಕಿಸಬೇಕು, ಎರಡಕ್ಕೂ ಪ್ರೋಗ್ರಾಂ ಕ್ಯಾಸೆಟ್ಟಿನಿಂದಲೇ ಬರಬೇಕು. ಆದರೆ ಅವಳ ಕ್ಯಾಸೆಟ್ಟನ್ನು ನನ್ನ ಯಂತ್ರಕ್ಕೆ ಹಾಕಿದರೆ ಏನೂ ಆಗುತ್ತಿರಲಿಲ್ಲ. ಯಾರ ಯಂತ್ರ ಹೆಚ್ಚು ಎಂದು ಮೆಟ್ಟಿಲ ಮೇಲೆ ಕೂತು ನಾವಿಬ್ಬರು ಹುಡುಗಿಯರು ವಾದಿಸಿದ್ದಕ್ಕೆ ಲೆಕ್ಕವಿಲ್ಲ. ಸೋಲೊಪ್ಪುವ ಜಾಯಮಾನ ನನ್ನದಲ್ಲ.

ಗೆಳತಿಯ ಮನೆಯವರು ಹುಬ್ಬಳ್ಳಿ ಕಡೆಯವರು, ತಂದೆ ಕಬ್ಬಿಣದ ವ್ಯಾಪಾರಿ. ನಾವು ಕುಂದಾಪುರದ ಕಡೆಯವರು, ಅಪ್ಪ ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿನಲ್ಲಿ ಒಂದು ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಹದಿಮೂರನೆಯ ವಯಸ್ಸಿಗೇ ಅವಳು ಚೌಕಾಬಾರದ ಪ್ರೋಗ್ರಾಂ ಬರೆದಳು. ಪರದೆಯ ಮೇಲೆ ಇಪ್ಪತ್ತೈದು ಮನೆಗಳ ಪಟ, ಕೆಳಗೆ ನಾಲ್ಕು ಕವಡೆ. ಶುರುವಿನಲ್ಲಿ ಅದು ಹೆಸರು ಕೇಳುತ್ತಿತ್ತು, ಆಮೇಲೆ ಯಂತ್ರದ ಎದುರು ಆಡಬೇಕು. ನಾನು ಬೇಸಿಗೆ ರಜೆಯಿಡೀ ಆಡಿದೆ, ರಜೆಯಿಡೀ ಸೋತೆ. ಕೊನೆಗೊಂದು ದಿನ ತಲೆಕೆಟ್ಟು, ಅವರ ಮನೆಯ ಬಾಗಿಲಲ್ಲೇ ನಿಂತು ಅವಳಿಗೆ ಹೇಳಿದೆ: "ಅದಕ್ಕೆ ಚೀಟಿಂಗ್ ಮಾಡ್ಲಿಕ್ಕೆ ಕಲ್ಸಿದ್ದಿ ನೀನು. ನಿನ್ನ ಅಪ್ಪನ ತಕ್ಕಡಿ ಹಾಗೆ."

ಅವಳ ತಂದೆ ಆಗಷ್ಟೇ ಬಂದು ನನ್ನ ಬೆನ್ನ ಹಿಂದೆ ಚಪ್ಪಲಿ ಬಿಡುತ್ತಿದ್ದರು. ನನ್ನ ಪಕ್ಕದಿಂದಲೇ ಒಳಗೆ ಹೋದರು. ಮರುದಿನದಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಮುಂದಿನ ವರ್ಷ ಅವರು ಕಳಂಬೋಲಿಗೆ, ಕಬ್ಬಿಣದ ಮಾರ್ಕೆಟ್ಟಿನ ಹತ್ತಿರಕ್ಕೆ, ಮನೆ ಬದಲಾಯಿಸಿದರು. ನಾನು ಕ್ಷಮೆ ಕೇಳಲಿಲ್ಲ. ಮೋಸ ಇದ್ದದ್ದು ಹೌದು, ನಾನೇಕೆ ಕೇಳಲಿ ಎಂದುಕೊಂಡೇ ವರ್ಷಗಳನ್ನು ಕಳೆದೆ.

ಕಳೆದ ಚಳಿಗಾಲದಲ್ಲಿ ಡೊಂಬಿವಲಿಯ ಒಂದು ಮದುವೆಯಲ್ಲಿ ಅವಳೇ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಹಳೆಯ ಯಂತ್ರಗಳನ್ನು ಇನ್ನೂ ಇಟ್ಟುಕೊಂಡಿರುವ ಸುದ್ದಿ ಯಾರೋ ಮುಟ್ಟಿಸಿದ್ದರಂತೆ. ಪರ್ಸಿನಿಂದ ಒಂದು ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟಳು.

"ಅಪ್ಪಾರ ಆಫೀಸ್ ಖಾಲಿ ಮಾಡೂ ಮುಂದ ಸಿಕ್ತು. ನನ್ನ ಮಿಷಿನ್ ಗುಜರಿಗೆ ಹೋಗಿ ಜಮಾನಾ ಆತು. ನಿನ್ನ ಮಿಷಿನ್‌ನ್ಯಾಗ ಹೆಂಗರ ಮಾಡಿ ನಡಸು. ಮೋಸ ಇದ್ರ ನನಗ ತೋರ್ಸು. ಇಲ್ಲಂದ್ರ ಮನೀಗೆ ಬಂದು ಅಪ್ಪಾಗ ಒಂದ್ ಮಾತು ಹೇಳು. ಅವ್ರು ಅದನ್ನ ಮರ್ತಿಲ್ಲ."

ಊಟದುದ್ದಕ್ಕೂ ಆ ಕ್ಯಾಸೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ.

ಐರೋಲಿಯ ನನ್ನ ಫ್ಲಾಟಿನಲ್ಲಿ ಈಗಿರುವುದು ಆ ಕಂದು ಯಂತ್ರದ ದೊಡ್ಡಣ್ಣ. ಅದೇ ಕಂಪನಿಯದು, ಫ್ಲಾಪಿ ಹಾಕುವಂಥದು, ಅದೂ ಮಾವನೇ ತಂದದ್ದು. ಒಂದು ಯಂತ್ರ ಇನ್ನೊಂದರ ವೇಷ ಹಾಕಿ, ಅದರ ಪ್ರೋಗ್ರಾಮನ್ನು ತಾನು ನಡೆಸುವಂತೆ ಮಾಡುವ ಎಮ್ಯುಲೇಟರ್ ಎಂಬುದು ಉಂಟು. ಲ್ಯಾಪ್‌ಟಾಪಿನಲ್ಲಾದರೆ ಈ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಅವಳು ಹೇಳಿದ್ದು 'ನಿನ್ನ ಮಿಷಿನ್' ಎಂದು, ಹಠ ನನಗೂ ಉಂಟು. ಕ್ಯಾಸೆಟ್ಟಿನ ಸದ್ದನ್ನು ಫೈಲ್ ಮಾಡಿ, ಫ್ಲಾಪಿಗೆ ಇಳಿಸುವಷ್ಟರಲ್ಲಿ ಮೂರು ಭಾನುವಾರ ಹೋದವು. ನಾಲ್ಕನೆಯ ಭಾನುವಾರ ಬೆಳಿಗ್ಗೆ ಚಹಾ ಆರಿಹೋಗುವ ಹೊತ್ತಿಗೆ ಪರದೆಯ ಮೇಲೆ ಆ ಇಪ್ಪತ್ತೈದು ಮನೆಗಳು ಒಂದೊಂದಾಗಿ ಮೂಡಿದವು. ಹೆಸರು ಕೇಳಿತು. ನನ್ನದನ್ನೇ ಕೊಟ್ಟೆ.

ಆಟ ಆಮೆಯ ನಡಿಗೆಯಲ್ಲಿತ್ತು. ಅವಳ ಯಂತ್ರದ ಪ್ರತಿ ಮಾತನ್ನೂ ನನ್ನ ಯಂತ್ರ ತನ್ನ ಭಾಷೆಗೆ ತಿರುಗಿಸಿಕೊಂಡು ನಡೆಸಬೇಕಲ್ಲ, ತಡವಾಗದೆ ಇರುತ್ತದೆಯೇ? ಬೇಸರದಿಂದ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದೆ. ನನ್ನ ಸರದಿಯಲ್ಲಿ ಕವಡೆಗಳು ಬಿದ್ದು ಎರಡು ತೋರಿಸಿದವು. ಮರುಗಳಿಗೆ ಅಳಿಸಿಹೋಗಿ, ಮತ್ತೆ ಬಿದ್ದು ಎಂಟು ತೋರಿಸಿ ನಿಂತವು. ಯಂತ್ರದ ಸರದಿಯಲ್ಲಿ ಒಂದೇ ಸಲ ಬಿದ್ದವು. ನೆಟ್ಟಗೆ ಕೂತೆ. ಕಾಗದ ತೆಗೆದುಕೊಂಡು ಗುರುತು ಹಾಕುತ್ತ ಹೋದೆ. ಪ್ರತಿ ಸಲವೂ ನನಗೆ ಎರಡು ಎಸೆತ, ಅದಕ್ಕೆ ಒಂದು. ಚಿಕ್ಕಂದಿನಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟು ಬೇಗ ಆಗಿಹೋಗುತ್ತಿತ್ತು. ಕವಡೆ ಕುಲುಕುತ್ತಿದೆ ಎಂದುಕೊಳ್ಳುತ್ತಿದ್ದೆ.

ಮತ್ತೆ ಮೊದಲಿನಿಂದ ಶುರುಮಾಡಿ ಬೇರೆ ಹೆಸರು ಕೊಟ್ಟೆ. ಒಂದೇ ಎಸೆತ.

ಪ್ರೋಗ್ರಾಮನ್ನು ನಿಲ್ಲಿಸಿ ಅವಳು ಬರೆದ ಸಾಲುಗಳನ್ನು ತೆರೆದೆ. ನಡುವೆ ಒಂದು ಕಡೆ ನನ್ನ ಹೆಸರಿತ್ತು. ಆಡುವವಳು ಇವಳಾದರೆ ಕವಡೆ ಎರಡು ಸಲ ಎಸೆ, ದೊಡ್ಡದನ್ನು ಇಟ್ಟುಕೋ. ಮೋಸ ಇದ್ದದ್ದು ನಿಜ, ಆದರೆ ನನ್ನ ಕಡೆಗೆ. ಅಷ್ಟಾದರೂ ನಾನು ಸೋತದ್ದೇಕೆಂಬುದು ಎರಡು ಆಟ ಆಡಿದ ಮೇಲೆ ತಿಳಿಯಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ. ನಾನೋ ದೊಡ್ಡ ಗರ ಬಿದ್ದ ಖುಷಿಯಲ್ಲಿ ಅದರ ಕಾಯಿಗಳನ್ನೆಲ್ಲ ದಾಟಿ ಓಡಿ, ಬಾಗಿಲಲ್ಲಿ ಕಾಯುತ್ತ ಕೂರುತ್ತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ, ಒಳ್ಳೆಯದೇ ಆಯಿತು.

ಅದೇ ಮಧ್ಯಾಹ್ನ ಪನ್ವೇಲ್ ಲೋಕಲ್ ರೈಲು ಹತ್ತಿ, ಖಾಂದೇಶ್ವರದಲ್ಲಿ ಇಳಿದು, ರಿಕ್ಷಾ ಹಿಡಿದು ಅವರ ಮನೆಗೆ ಹೋದೆ. ಬಾಗಿಲು ತೆರೆದವಳಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು.

"ಮೊದ್ಲೇ ಹೇಳ್ಬಹುದಿತ್ತಲ್ಲ ಮಾರಾಯ್ತಿ," ಎಂದೆ.

"ಹೇಳಿದ್ರ ನೀ ಆಡ್ತಿದ್ದೇನ?" ಎಂದಳು.

ಆಡುತ್ತಿರಲಿಲ್ಲ. ಅವಳ ತಂದೆ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದ್ದರೂ ದೃಷ್ಟಿ ಚುರುಕಾಗಿತ್ತು. ನಾನು ಕಾಲು ಮುಟ್ಟಿ, ನಿಂತೇ ಹೇಳಿದೆ: "ಕಾಕಾ, ಅವತ್ತು ನಿಮ್ಮ ತಕ್ಕಡಿ ಬಗ್ಗೆ ನಾನು ಆಡಿದ ಮಾತು ತಪ್ಪು. ಅವಳು ಯಂತ್ರಕ್ಕೆ ಮೋಸ ಕಲ್ಸಿದ್ದು ಹೌದು, ಆದ್ರೆ ನನ್ನ ಪರವಾಗಿ."

ಅವರು ಎದುರಿನ ಕುರ್ಚಿ ತೋರಿಸಿದರು.

"ನಾನ ಹೇಳಿಕೊಟ್ಟಿದ್ದೆ ಆಕೀಗೆ," ಎಂದರು. "ತಕ್ಕಡಿ ಹಿಡದಾವ ತಗೊಳ್ಳೋರ ಕಡೆ ಒಂದೀಟು ಬಗ್ಗಿಸೇ ತೂಗಬೇಕು ಅಂತ."

ಅವರು ಕನ್ನಡಕ ತೆಗೆದು, ಪಂಜೆಯ ಚುಂಗಿನಿಂದ ಒರೆಸುತ್ತ ಕೇಳಿದರು: "ಅಷ್ಟು ಬಗ್ಗಿಸಿದ್ರೂ ಸೋತೇನವಾ?"

"ಸೋತೆ, ಕಾಕಾ," ಎಂದೆ.