ಹಜ್ಜಿಯ ನೀರುಪ್ಯಾಂಟು

ವರ್ಷಕ್ಕೆ ನಾಲ್ಕೈದು ಸಲ ಮುಖ ತೋರಿಸಿ ಮಳೆ ಮಾಯವಾಗುವ ಊರಿನಲ್ಲಿ ಕುಳಿತು, ನೀರು ಒಳಗೆ ಬಾರದ ಪ್ಯಾಂಟು ಮಾರುವುದು ನನ್ನ ಕೆಲಸ. ಊರಿಗೆ ಹೋದಾಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮರುಭೂಮಿಯಲ್ಲಿ ರೈನ್‌ಕೋಟಾ ಎಂದು ನನ್ನ ತಂಗಿ ಈಗಲೂ ನಗುತ್ತಾಳೆ.

ಕುವೈತಿನ ಶುವೈಖ್‌ನಲ್ಲಿ ಗ್ಯಾರೇಜುಗಳ ಸಾಲು ಮುಗಿದು ಗೋದಾಮುಗಳು ಶುರುವಾಗುವ ಕಡೆ ನಮ್ಮ ಅಂಗಡಿ. ಡೇರೆ, ಮಡಚುವ ಕುರ್ಚಿ, ಗಾಳ, ಕಟ್ಟಿಗೆ ಒಲೆ ಎಲ್ಲ ಸಿಗುತ್ತದೆ. ಅಕ್ಟೋಬರಿನಲ್ಲಿ ಬಿಸಿಲು ಸ್ವಲ್ಪ ಸೋತ ಕೂಡಲೇ ಮೊದಲು ಬರುವವರು ಡೇರೆಯವರು. ಅವರ ಹಿಂದೆಯೇ, ಗದ್ದಲವಿಲ್ಲದೆ, ಬಾತುಕೋಳಿ ಬೇಟೆಯವರು ಬರುತ್ತಾರೆ. ಇವರು ಪರವಾನಗಿ ಮಾಡಿಸಿಕೊಂಡು ಟರ್ಕಿಯಂತಹ ತಣ್ಣನೆಯ ದೇಶಕ್ಕೆ ಹೋಗಿ, ಕೆರೆಯಂಚಿನ ಜೊಂಡಿನೊಳಗೆ ನಸುಕಿನಿಂದಲೇ ಕೂರುವವರು. ಕೂರುವುದೆಂದರೆ ಮೊಣಕಾಲುದ್ದದ ನೀರಿನಲ್ಲಿ, ಕೆಸರಿನಲ್ಲಿ, ಗಂಟೆಗಟ್ಟಲೆ. ಅವರಿಗೆ ಬೇಕಾದದ್ದು ವೇಡರ್: ಬೂಟಿಗೆ ಅಂಟಿಕೊಂಡೇ ಬರುವ, ನೀರು ಬಿಡದ ಪ್ಯಾಂಟು. ತೊಡೆವರೆಗಿನದು, ಸೊಂಟದವರೆಗಿನದು, ಎದೆವರೆಗಿನದು ಎಂದು ಮೂರು ಬಗೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಡೇರೆ ಹೊಲಿಯುವ, ಉಳ್ಳಾಲ ಕಡೆಯ ಬ್ಯಾರಿ ಹಿರಿಯರೊಬ್ಬರಿದ್ದಾರೆ. ಅವರನ್ನು ಎಲ್ಲರೂ ಕರೆಯುವುದು ಉಸ್ತಾದ್ ಎಂದು. ನಾವಿಬ್ಬರೂ ಮಾತ್ರ ವೇಡರಿಗೆ ನೀರುಪ್ಯಾಂಟು ಎನ್ನುತ್ತೇವೆ.

ಹಜ್ಜಿ ನಮ್ಮ ಹಳೆಯ ಗಿರಾಕಿ. ಕುವೈತಿ, ಎಪ್ಪತ್ತರ ಆಚೀಚೆ ವಯಸ್ಸು. ಇಲ್ಲಿ ವಯಸ್ಸಾದವರನ್ನು ಹಾಗೆಯೇ ಕರೆಯುವುದು ವಾಡಿಕೆ. ಅಂಗಡಿಗೆ ಬಂದರೆ ಮೊದಲು ನನ್ನ ಮನೆಯವರ ಕ್ಷೇಮ ವಿಚಾರಿಸಿ, ಆಮೇಲೆ ಸಾಮಾನು ಕೇಳುವವರು. ಚೌಕಾಸಿ ಅವರಿಗೆ ಗೊತ್ತೇ ಇಲ್ಲ. ನನ್ನ ಮುರುಕು ಅರಬ್ಬಿಯನ್ನು ಅವರು ತಾಳ್ಮೆಯಿಂದ ಕೇಳುತ್ತಾರೆ. ಅವರ ಮುರುಕು ಹಿಂದಿಯನ್ನು ನಾನು ಕೇಳುತ್ತೇನೆ. ನಡುವೆ ಎಲ್ಲೋ ಒಂದು ಕಡೆ ಮಾತು ಸೇರುತ್ತದೆ.

ಎರಡು ವರ್ಷದ ಹಿಂದೆ ಅವರ ಹಳೆಯ ನೀರುಪ್ಯಾಂಟು ಸೋರತೊಡಗಿತು. ಹೊಸದು ಬೇಕೆಂದು ಬಂದರು. ಸ್ಪಂಜಿನಂತಹ ದಪ್ಪ ರಬ್ಬರಿನ, ಎದೆವರೆಗಿನ ಒಂದನ್ನು ನಾನೇ ಆರಿಸಿ ಕೊಟ್ಟೆ. ದಿಶ್‌ದಾಶಾ, ಅಂದರೆ ಅವರ ಉದ್ದನೆಯ ಬಿಳಿ ಅಂಗಿಯನ್ನು ಮೇಲಕ್ಕೆತ್ತಿ ಕಟ್ಟಿ, ಒಳಗೆ ತೊಡುವ ತೆಳ್ಳಗಿನ ಹತ್ತಿಯ ಪೈಜಾಮ, ಸಿರ್ವಾಲಿನ ಮೇಲೆಯೇ ಅದನ್ನು ತೊಟ್ಟರು. ಎದ್ದುನಿಂತರು, ಕಾರ್ಪೆಟ್ಟಿನ ಮೇಲೆ ನಾಲ್ಕು ಹೆಜ್ಜೆ ನಡೆದರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ನಾನೂ ಹಾಗೆಯೇ ಹೇಳಿದೆ. ಹೊರಗೆ ಇನ್ನೂ ಬೆವರು ಕಿತ್ತು ಬರುವಷ್ಟು ಸೆಕೆ.

ಬೇಟೆಯ ಕಾಲ ಮುಗಿದ ಮೇಲೆ ನೀರುಪ್ಯಾಂಟನ್ನು ನಮ್ಮಲ್ಲಿಗೆ ತಂದುಕೊಡುವುದು ಹಳೆಯ ಗಿರಾಕಿಗಳ ಪದ್ಧತಿ. ಉಸ್ತಾದ್ ಅದನ್ನು ತೊಳೆದು, ಬುಡಮೇಲಾಗಿ ತೂಗುಹಾಕಿ ಒಣಗಿಸಿ, ಎಲ್ಲಾದರೂ ತೂತು ಬಿದ್ದಿದೆಯಾ ಎಂದು ನೋಡಿ, ಮಡಚದೆ ಇಡುತ್ತಾರೆ. ಫೆಬ್ರವರಿಯಲ್ಲಿ ಹಜ್ಜಿ ಬಂದು ಚೀಲವನ್ನು ಕೌಂಟರಿನ ಮೇಲಿಟ್ಟರು. ತೊಳೆದ ಮೇಲೆ ಯಾರಿಗಾದರೂ ಕೊಟ್ಟುಬಿಡಿ, ನನಗಿನ್ನು ಬೇಡ ಎಂದರು. ಕೆರೆಯಂಚಿನಲ್ಲಿ ಮೂರು ದಿನ ಕಾರಿನೊಳಗೇ ಕೂತಿದ್ದರಂತೆ. ಮೊದಲ ಬೆಳಗ್ಗೆ ಜೊಂಡಿನೊಳಗೆ ಹೋದರೆ ಮಂಡಿ ಬಗ್ಗಲಿಲ್ಲ. ಅವರ ಬಾಲ್ಯದ ಗೆಳೆಯನೊಬ್ಬನೇ ಒಳಗೆ ಹೋದ. ಇವರು ಗಾಜು ಇಳಿಸಿ ರೆಕ್ಕೆಯ ಸದ್ದು ಕೇಳಿದರು. ಮಕ್ಕಳು ವಯಸ್ಸಾಯಿತು ಬಾಬಾ, ಸಾಕು ಅಂದರಂತೆ.

“ಮಂಡಿ ಖಲಾಸ್,” ಎಂದು ತಮ್ಮ ಮೊಣಕಾಲನ್ನೊಮ್ಮೆ ತಟ್ಟಿ ಹೊರಟುಹೋದರು. ಪ್ಯಾಂಟಿನ ಬಗ್ಗೆ ಒಂದು ದೂರು ಹೇಳಲಿಲ್ಲ.

ಸಂಜೆ ಉಸ್ತಾದ್ ನನ್ನನ್ನು ಹಿಂದಿನ ಅಂಗಳಕ್ಕೆ ಕರೆದರು. ಪ್ಯಾಂಟನ್ನು ಹಗ್ಗದ ಮೇಲೆ ಹರಡಿದ್ದರು. ಕೆಸರು ಇದ್ದದ್ದು ಪಾದದ ಗಂಟಿನವರೆಗೆ ಮಾತ್ರ. ಮಂಡಿಯ ಜಾಗ ಅಂಗಡಿಯಿಂದ ಹೋದಾಗ ಹೇಗಿತ್ತೋ ಹಾಗೇ ಇತ್ತು. ಆದರೆ ತೊಡೆಯ ಹೊಲಿಗೆ ಎಳೆದು ಎಳೆದು ಬೆಳ್ಳಗಾಗಿತ್ತು. ಅಳತೆ ನೋಡುವಾಗ ಹಜ್ಜಿ ಒಳಗೆ ಏನು ಹಾಕಿದ್ದರು ಎಂದು ಉಸ್ತಾದ್ ಕೇಳಿದರು. ಸಿರ್ವಾಲ್ ಎಂದೆ.

“ನಿಮಗೆ ಮಂಡೆ ಉಂಟಾ ಮಾರಾಯ್ರೇ? ಅಲ್ಲಿ ಹಿಮ ಬೀಳ್ತದೆ. ಒಳಗೆ ಎರಡೆರಡು ಉಣ್ಣೆ ಪ್ಯಾಂಟು ತುರುಕಿಯೇ ತುರುಕಿರ್ತಾರೆ. ಮತ್ತೆ ಮಂಡಿ ಬಗ್ಗುದು ಎಲ್ಲಿಂದ? ಮುದುಕರದ್ದು ಮಂಡಿ ಅಲ್ಲ ಹೋದದ್ದು, ನಿಮ್ಮ ಅಳತೆ.”

ಬೇಸಗೆಯಿಡೀ ಅದೇ ನನ್ನ ತಲೆಯಲ್ಲಿತ್ತು. ಒಬ್ಬ ಮನುಷ್ಯ ತನಗೆ ಮುಪ್ಪು ಬಂತೆಂದು ಒಪ್ಪಿಕೊಂಡು ಮನೆಯಲ್ಲಿ ಕೂತಿದ್ದಾನೆ, ಅದಕ್ಕೆ ಕಾರಣ ನಾನು ಕೊಟ್ಟ ಬಿಗಿ ಪ್ಯಾಂಟು. ಫೋನು ಮಾಡೋಣವೆಂದು ಎಷ್ಟೋ ಸಲ ಅಂದುಕೊಂಡೆ. ಅಂಗಡಿಯ ಮಾಲೀಕರ ಕಿವಿಗೆ ಹೋದರೆ ಎಂಬ ಭಯ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಮಾಡಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ಹಜ್ಜಿ ಬಂದದ್ದು ಚಹಾ ಕಾಯಿಸುವ ಕಿತ್ತಲಿಗಾಗಿ, ಮೊಮ್ಮಕ್ಕಳ ಡೇರೆಗೆ. ಗೆಳೆಯ ಈ ಸಲವೂ ಕರೆಯುತ್ತಿದ್ದಾನೆ, ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ, ಬಂದೂಕನ್ನು ಹಿರಿಯ ಮಗನ ಹೆಸರಿಗೆ ಮಾಡಿಸುತ್ತಿದ್ದೇನೆ ಎಂದರು. ಬಂದೂಕು ಕೈಬಿಟ್ಟರೆ ಬೇರೆ ಊರಿನಲ್ಲಿರುವ ಆ ಗೆಳೆಯನ ಜೊತೆ ಅವರಿಗೆ ಉಳಿಯುವುದು ಫೋನಿನ ಮಾತು ಮಾತ್ರ. ಕಾಗದದಲ್ಲಿ ಸುತ್ತುತ್ತಿದ್ದ ಕಿತ್ತಲಿಯನ್ನು ಕೌಂಟರಿನ ಮೇಲಿಟ್ಟೆ.

“ಹಜ್ಜಿ, ತಪ್ಪು ನನ್ನದು. ನಿಮ್ಮ ಮಂಡಿಯದ್ದಲ್ಲ,” ಎಂದೆ. ಸಿರ್ವಾಲು, ಉಣ್ಣೆ, ಬೆಳ್ಳಗಾದ ಹೊಲಿಗೆ ಎಲ್ಲವನ್ನೂ ಹೇಳಿದೆ. ಸಂಜೆ ಗೆಳೆಯರು ಸೇರುವ ನಿಮ್ಮ ದಿವಾನಿಯಾ ಕೋಣೆಯಲ್ಲಿ ದಿನಾ ನೆಲದ ಮೇಲೆ ಕೂರುತ್ತೀರಲ್ಲ, ನಿನ್ನೆ ಏಳುವಾಗ ಯಾರಾದರೂ ಕೈ ಕೊಟ್ಟರಾ ಎಂದು ಕೇಳಿದೆ.

ಅವರು ಬೈಯುತ್ತಾರೆಂದುಕೊಂಡೆ. “ಯಾರೂ ಕೊಡಲಿಲ್ಲ,” ಎಂದರು. ಆಮೇಲೆ ಕೌಂಟರು ಹಿಡಿಯದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಎದ್ದರು. ಇನ್ನೊಮ್ಮೆ ಕೂತು ಎದ್ದರು. ಕಿತ್ತಲಿ ಕೊಳ್ಳಲು ಬಂದಿದ್ದ ಬೇರೊಬ್ಬರು ಬಾಯಿ ತೆರೆದು ನೋಡುತ್ತಿದ್ದರು. ಹಜ್ಜಿ ಇಷ್ಟು ತಿಂಗಳು ಹೊತ್ತಿದ್ದುದನ್ನು ಇಳಿಸಿದವರಂತೆ ಉಸಿರು ಬಿಟ್ಟರು. ನಾಳೆ ಬರುತ್ತೇನೆ ಎಂದಷ್ಟೇ ಹೇಳಿದರು.

ಮರುದಿನ ಬಂದರು. ಕೈಯಲ್ಲೊಂದು ಚೀಲ, ಅದರಲ್ಲಿ ಎರಡು ಉಣ್ಣೆ ಪ್ಯಾಂಟು, ಮೊಣಕಾಲುದ್ದದ ದಪ್ಪ ಕಾಲುಚೀಲ ಎರಡು ಜೊತೆ. ಏಸಿಯನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಲು ಹೇಳಿದರು. ಉಸ್ತಾದ್ ಗೊಣಗುತ್ತಲೇ ಕೋಟು ಹುಡುಕಿ ತೊಟ್ಟರು. ಹಜ್ಜಿ ಒಳಕೋಣೆಗೆ ಹೋಗಿ ಉಣ್ಣೆಯೆಲ್ಲ ತೊಟ್ಟುಕೊಂಡು ಬಂದಾಗ ಕಾಲುಗಳು ಹತ್ತಿ ತುಂಬಿದ ದಿಂಬಿನಂತಿದ್ದವು. ನಾನು ಕಳೆದ ಸಲ ನೋಡಬೇಕಾಗಿದ್ದದ್ದು ಈ ಕಾಲುಗಳನ್ನು.

ಆರಿಸುವುದಕ್ಕೆ ಎರಡು ದಿನ ಹಿಡಿಯಿತು. ಅಷ್ಟು ತಾಳ್ಮೆಯ ಗಿರಾಕಿಯನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ತೊಡೆವರೆಗಿನದು ನಡೆಯಲು ಹಗುರ, ಕೂತರೆ ನೀರು ಮೇಲಿಂದ ಒಳಗೆ. ಸೊಂಟದವರೆಗಿನದಕ್ಕೂ ಅದೇ ಕಥೆ, ಸ್ವಲ್ಪ ತಡವಾಗಿ. ಎದೆವರೆಗಿನ ದಪ್ಪ ರಬ್ಬರು ಬೆಚ್ಚಗೇನೋ ಇರುತ್ತದೆ, ಆದರೆ ನಡೆದರೆ ಒಳಗೇ ಬೆವರು, ಆಮೇಲೆ ಅದೇ ಬೆವರು ತಣ್ಣಗಾಗಿ ಮೈ ಕೊರೆಯುತ್ತದೆ. ಇನ್ನೊಂದು ತೊಂದರೆಯನ್ನು ಹಜ್ಜಿ ಸಂಕೋಚವಿಲ್ಲದೆ ಹೇಳಿದರು. ಈ ವಯಸ್ಸಿನಲ್ಲಿ ಮೂತ್ರಕ್ಕೆ ಪದೇ ಪದೇ ಹೋಗಬೇಕು, ನಮಾಜಿಗೆ ಕಾಲು ತೊಳೆಯಲು ಬೂಟು ಬಿಚ್ಚಬೇಕು. ಹಾಕಲು ಬಿಚ್ಚಲು ಇಬ್ಬರು ಆಳು ಬೇಕಾಗುವ ಪ್ಯಾಂಟು ನನಗೆ ಬೇಡ ಎಂದರು.

ಕೊನೆಗೆ ಉಳಿದದ್ದು ತೆಳುಬಟ್ಟೆಯ ಎರಡು. ಒಳಗಿನ ಬೆವರನ್ನು ಹೊರಬಿಟ್ಟು ಹೊರಗಿನ ನೀರನ್ನು ತಡೆಯುವ ಬಟ್ಟೆ ಅದು, ಬೆಚ್ಚಗಿಡುವ ಕೆಲಸ ಒಳಗಿನ ಉಣ್ಣೆಯದು. ಎದೆವರೆಗೆ ಬರುತ್ತದೆ, ಬೇಕಾದಾಗ ಸೊಂಟಕ್ಕೆ ಸುತ್ತಿಕೊಳ್ಳಬಹುದು, ಮುಂದೆ ಉದ್ದನೆಯ ಜಿಪ್ಪು. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಿದ್ದು ಉಸ್ತಾದರ ಕಿವಿ. ಅವರು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತರು, ಹಜ್ಜಿ ಬೆನ್ನ ಹಿಂದೆ ನಡೆದರು. ಮೊದಲನೆಯದು ನಡೆದಾಗ ಚಿಪ್ಸಿನ ಪೊಟ್ಟಣ ಬಿಚ್ಚಿದ ಹಾಗೆ ಪರಪರ ಎನ್ನುತ್ತಿತ್ತು.

“ಬಾತುಕೋಳಿಗೂ ಕಿವಿ ಉಂಟಲ್ಲ,” ಎಂದರು ಉಸ್ತಾದ್, ತಿರುಗಿ ನೋಡದೆ.

ಎರಡನೆಯದು ಸದ್ದು ಮಾಡಲಿಲ್ಲ. ಮಂಡಿಯ ಜಾಗವನ್ನು ಮೊದಲೇ ಬಗ್ಗಿಸಿ ಹೊಲಿದಿದ್ದರು. ಬೂಟು ಒಂದು ಸೈಜು ದೊಡ್ಡದಿರುವುದನ್ನೇ ಆರಿಸಿ ಕೊಟ್ಟೆ. ಎರಡು ಕಾಲುಚೀಲ ತೊಟ್ಟು ಬೆರಳು ಆಡಿಸಲಾಗದಿದ್ದರೆ ಆ ಕಾಲು ಎಷ್ಟು ಹೊದ್ದರೂ ತಣ್ಣಗೇ ಇರುತ್ತದೆ. ಕೆಸರಿನಿಂದ ಕಾಲು ಕೀಳುವಾಗ ಮೊದಲು ಹಿಮ್ಮಡಿ ಎತ್ತಬೇಕು ಎಂದು ನಾನು ತೋರಿಸಿದೆ. ಅಮ್ಮನ ಹಿಂದೆ ನೇಜಿ ನೆಡುವ ಭತ್ತದ ಗದ್ದೆಯಲ್ಲಿ ನಡೆದು ಕಲಿತದ್ದು ಅದು. ನಡು ಬಿಗಿಯುವ ಬೆಲ್ಟನ್ನು ಮರೆಯಬೇಡಿ, ನೀರಲ್ಲಿ ಬಿದ್ದರೆ ಒಳಗೆ ನೀರು ತುಂಬದಂತೆ ತಡೆಯುವುದು ಅದೇ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಅವರು ಮೊದಲ ಸಲ ಕೇಳಿದವರಂತೆ ತಲೆಯಾಡಿಸಿದರು.

ಅಷ್ಟಕ್ಕೂ ಅವರು ಒಪ್ಪಲಿಲ್ಲ. ಜೊಂಡಿನೊಳಗೆ ಕೂರುವ ಗಿಡ್ಡ ಸ್ಟೂಲನ್ನು ಡೇರೆಗಳ ನಡುವೆ ಹಾಕಿ, ಆ ಉಡುಪಿನಲ್ಲೇ ಒಂದು ಗಂಟೆ ಕೂತರು. ನಾಲ್ಕು ಲೋಟ ಚಹಾ ಕುಡಿದರು. ನಡುನಡುವೆ ಒಂದು ಮಂಡಿ ಊರುವುದು, ಎರಡೂ ಊರುವುದು, ಏಳುವುದು. ಬೇರೆ ಗಿರಾಕಿಗಳು ಬಂದು ಹೋಗುತ್ತಿದ್ದರು. ಯಾರು ನೋಡಿದರೂ ಅವರಿಗೆ ಅದರ ಗೊಡವೆಯಿಲ್ಲ. ಗಂಟೆ ಮುಗಿದ ಮೇಲೆ ಎದ್ದು, “ಝೈನ್,” ಎಂದರು. ಸರಿಯಿದೆ ಎಂದರ್ಥ.

ಜನವರಿ ಕಳೆಯಿತು. ಬಾಗಿಲ ಗಂಟೆ ಸದ್ದಾದಾಗಲೆಲ್ಲ ನಾನು ಕತ್ತೆತ್ತಿ ನೋಡುತ್ತಿದ್ದೆ. ಹಜ್ಜಿ ಪುನಃ ಕಾರಿನಲ್ಲೇ ಕೂತಿದ್ದರೆ ಆ ತಪ್ಪನ್ನು ನನ್ನ ಮೇಲೆ ಎಳೆದುಕೊಳ್ಳಲು ಈ ಸಲ ಯಾವ ಹೊಲಿಗೆಯೂ ಇರಲಿಲ್ಲ. ಉಸ್ತಾದ್ ಅಂಗಳದ ಹಗ್ಗದಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಹಜ್ಜಿ ಬಂದರು. ಮನೆಯವರ ಕ್ಷೇಮ ಕೇಳಿದರು, ನಾನೂ ಕೇಳಿದೆ. ಗೆಳೆಯ ಏಳು ಹೊಡೆದ, ನಾನು ಎರಡು ಎಂದರು. ಹೆಚ್ಚು ಹೊಡೆದದ್ದು ತಾವೇ ಎಂಬಂತಿತ್ತು ದನಿ. ಚೀಲವನ್ನು ಉಸ್ತಾದರ ಕೈಗೇ ಕೊಟ್ಟರು. ಉಸ್ತಾದ್ ಪ್ಯಾಂಟನ್ನು ಹೊರಗೆಳೆದು ಕೌಂಟರಿನ ಮೇಲೆ ಹರಡಿದರು. ಎರಡೂ ಮಂಡಿಗಳ ಮೇಲೆ ಅಂಗೈಯಗಲದ ಕೆಸರು, ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಜೊಂಡಿನ ಸಣ್ಣ ಸಣ್ಣ ಸೀಳುಗಳು ಅಂಟಿಕೊಂಡಿದ್ದವು. ಉಸ್ತಾದ್ ಹೆಬ್ಬೆರಳಿನಿಂದ ಅದನ್ನೊಮ್ಮೆ ಮುಟ್ಟಿ ನನ್ನ ಕಡೆ ನೋಡಿದರು.

ತೊಳೆದು ಯಾರಿಗಾದರೂ ಕೊಡುವುದಾ ಎಂದು ಕೇಳಿದೆ, ಸುಮ್ಮನೆ ಕೆಣಕಲು.

“ತೊಳೆದು ಇಡು. ಮುಂದಿನ ವರ್ಷಕ್ಕೆ ಬೇಕು,” ಎಂದರು ಹಜ್ಜಿ.

ಉಸ್ತಾದ್ ಅದನ್ನು ಅಂಗಳಕ್ಕೆ ಒಯ್ದು ಹಗ್ಗಕ್ಕೆ ಹಾಕಿ ಪೈಪು ಹಿಡಿದರು. ಮೊದಲು ಬೂಟು ತೊಳೆದರು, ಆಮೇಲೆ ತೊಡೆ, ಎದೆ, ಹೆಗಲ ಪಟ್ಟಿಗಳು. ಮಂಡಿಯನ್ನು ಎಲ್ಲಕ್ಕಿಂತ ಕೊನೆಗೆ ತೊಳೆದರು.