ಮೊದಲನೇ ಪ್ರೂಫಿನ ಹದಿನೇಳನೇ ಹಾಳೆ

ಸತ್ತವರ ಕಾಗದ ಓದಿಕೊಡಿ ಎಂದು ಕರೆಸಿಕೊಂಡವರು ಬಾಗಿಲಲ್ಲೇ ಪೆನ್ನು ಯಾಕೆ ಕಿತ್ತುಕೊಳ್ಳಬೇಕು? ಪತ್ರಾಗಾರದ ಅಟೆಂಡರ್ ಕೈಚಾಚಿ, "ಪೆನ್ನು, ಚೀಲ ಎಲ್ಲಾ ಇಲ್ಲೇ ಇಡಿ ಸಾರ್, ಒಳಗೆ ಪೆನ್ಸಿಲ್ ಮಾತ್ರ" ಎಂದಾಗ ಪ್ರೂಫ್ ಮೇಷ್ಟ್ರ ತಲೆಗೆ ಮೊದಲು ಬಂದದ್ದು ಇದೇ. ನಿಯಮ ಎಲ್ಲರಿಗೂ ಇತ್ತು, ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇತ್ತು. ಆದರೇನು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಗೋಡೆಯ ಅಕ್ಷರ ಕಾಣುವುದಿಲ್ಲ.

ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ವಿಶ್ವವಿದ್ಯಾಲಯದ ಇತಿಹಾಸ ಪತ್ರಿಕೆಗೆ ಇಪ್ಪತ್ತೆಂಟು ವರ್ಷ ಪ್ರೂಫ್ ತಿದ್ದಿದವರು. ಪತ್ರಿಕೆಯ ಸಂಪಾದಕರು ಇತಿಹಾಸದ ಪ್ರೊಫೆಸರು. ಮೊದಲನೇ ಪ್ರೂಫನ್ನು ಮೇಷ್ಟ್ರು ಹಸಿರು ಶಾಯಿಯಲ್ಲಿ ತಿದ್ದಬೇಕು, ಎರಡನೆಯದನ್ನು ಪ್ರೊಫೆಸರು ಒಬ್ಬರೇ ಕೂತು ಕೆಂಪಿನಲ್ಲಿ ನೋಡಿ ಅಚ್ಚಿಗೆ ಕಳಿಸಬೇಕು. ಅದು ಅಲ್ಲಿನ ಕಟ್ಟಳೆ. ಒಮ್ಮೆ ಒಂದು ಸಂಚಿಕೆಯಲ್ಲಿ ಒಬ್ಬ ರಾಜ ಸತ್ತ ಇಸವಿ ಸರಿಯಾಗಿ ನೂರು ವರ್ಷ ಹಿಂದಕ್ಕೆ ಹೋಗಿ ಅಚ್ಚಾಯಿತು. ಲೇಖನ ಬರೆದ ವಿದ್ವಾಂಸರ ಮಾನ ಹರಾಜಾಯಿತು. ಮುಂದಿನ ಸಂಚಿಕೆಯಲ್ಲಿ ಪ್ರೊಫೆಸರು ಎರಡು ಸಾಲು ಬರೆದರು: "ಪ್ರೂಫ್ ನೋಡಿದವರ ಅಜಾಗರೂಕತೆಗೆ ವಿಷಾದಿಸುತ್ತೇವೆ."

ಮೇಷ್ಟ್ರು ನಂಬಿಬಿಟ್ಟರು. ಆ ಪ್ರೂಫ್ ತಿದ್ದಿದ ವಾರ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಅವರಿಗೆ ನಿದ್ದೆಯಿರಲಿಲ್ಲ, ಕೈ ತಪ್ಪಿರಬೇಕು. ಅಂದಿನಿಂದ ಅವರು ಕಾರಿಡಾರಿನಲ್ಲಿ ಬಂದರೆ ಗುಮಾಸ್ತರು "ನೂರೊರ್ಷ ಬಂತು ನೋಡ್ರಪ್ಪಾ" ಎನ್ನುತ್ತಿದ್ದರು. ಬಡ್ತಿ ಬರಲಿಲ್ಲ. ಆ ಅಡ್ಡಹೆಸರು ಮಾತ್ರ ನಿವೃತ್ತಿಯಾದ ಮೇಲೂ ಬೆನ್ನು ಬಿಡಲಿಲ್ಲ.

ಈಗ ಪ್ರೊಫೆಸರು ತೀರಿಕೊಂಡಿದ್ದರು. ಅವರ ನಲವತ್ತಮೂರು ಪೆಟ್ಟಿಗೆ ಕಾಗದ ಪತ್ರಾಗಾರಕ್ಕೆ ಬಂದಿತ್ತು. "ಅವರ ಅಕ್ಷರ ದೇವ್ರೇ ಓದ್ಬೇಕು ಸಾರ್, ಇಲ್ಲ ನೀವು" ಎಂದು ಅಲ್ಲಿ ಕಾಗದಗಳ ಉಸ್ತುವಾರಿ ನೋಡುವ ಮೇಡಂ ಫೋನಿನಲ್ಲಿ ನಕ್ಕಿದ್ದರು. ಈ ನಗುವಿನ ಹಿಂದೇನಿದೆ ಎಂದು ಮೇಷ್ಟ್ರು ಎರಡು ದಿನ ತಲೆ ಕೆಡಿಸಿಕೊಂಡರು.

"ನಿಮಗೆ ಹಗ್ಗ ಕಂಡ್ರೂ ಹಾವೇ" ಎಂದಳು ಹೆಂಡತಿ. "ಕರೆದಿದ್ದಾರೆ, ಹೋಗಿ ಬನ್ನಿ."

ಹೋದರು, ಆದರೆ ಓದಿಕೊಡಲಿಕ್ಕಲ್ಲ. ಆ ಪೆಟ್ಟಿಗೆಗಳಲ್ಲೆಲ್ಲೋ ತಮ್ಮ ತಪ್ಪಿನ ಹಸಿರು ಹಾಳೆ ಇದ್ದೇ ಇರುತ್ತದೆ. ನಾಳೆ ಯಾರೋ ಸಂಶೋಧಕ ಅದನ್ನು ಗಾಜಿನಡಿ ಇಟ್ಟು ಊರಿಗೆಲ್ಲ ತೋರಿಸುತ್ತಾನೆ. ಅದಕ್ಕೆ ಮೊದಲು ಅದನ್ನು ಎತ್ತಿಬಿಡಬೇಕು. ಅಷ್ಟೇ ಅವರ ಲೆಕ್ಕಾಚಾರ.

ಎಂಟು ದಿನ ಅವರು ಮೇಡಂ ಕಣ್ಣು ತಪ್ಪಿಸಿ ಕಟ್ಟು ಬಿಚ್ಚಿದರು. ಮೇಡಂ ಕೆಮ್ಮಿದರೆ ಬೆಚ್ಚಿದರು. ಆಕೆ ಆಗಾಗ ತಲೆಯೆತ್ತಿ ಇವರ ಕಡೆ ನೋಡಿ ಮುಗುಳ್ನಗುತ್ತಿದ್ದರು, ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದರು. ಗೊತ್ತಾಗಿದೆ ಇವಳಿಗೆ, ನನ್ನನ್ನು ಹಿಡಿಯಲೆಂದೇ ಕೂರಿಸಿದ್ದಾಳೆ ಎಂದುಕೊಂಡರು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತ ಅಟೆಂಡರ್ ಅವಳ ಗೂಢಚಾರ. ಅವನು "ಕಾಫಿ ತರ್ಲಾ ಸಾರ್?" ಎಂದರೂ ಇವರಿಗೆ ಪಾಟೀಸವಾಲು ಹಾಕಿದಂತೆ ಕೇಳಿಸುತ್ತಿತ್ತು.

ಒಂಬತ್ತನೆಯ ದಿನ ಹಾಳೆ ಸಿಕ್ಕಿತು. ಅದೇ ಲೇಖನ, ಅದೇ ರಾಜ, ಇಸವಿಯ ಪಕ್ಕದಲ್ಲೇ ಹಸಿರು ಗೀಟು. ಅಷ್ಟು ಕಂಡದ್ದೇ ಸಾಕಾಯಿತು, ಕಣ್ಣು ಕತ್ತಲಿಟ್ಟಿತು. ಮೂಲೆಯಲ್ಲಿ ಪೆನ್ಸಿಲಿನ ಪುಟ್ಟ ಹದಿನೇಳು ಇತ್ತು, ಅದೇನೆಂದೂ ಯೋಚಿಸಲಿಲ್ಲ. ಮೇಡಂ ಫೋನಿಗೆ ಎದ್ದು ಹೋದ ಗಳಿಗೆ ನೋಡಿ ಹಾಳೆಯನ್ನು ಮಡಿಸಿ ಬನಿಯನ್ನಿನೊಳಗೆ ತೂರಿಸಿದರು. ಮನೆಗೆ ಹೋದವರೇ ಗ್ಯಾಸ್ ಒಲೆಗೆ ಹಿಡಿದು ಬೂದಿಯನ್ನು ಸಿಂಕಿನಲ್ಲಿ ಹರಿಯಬಿಟ್ಟರು. ಊರಿನವರ ಅಕ್ಷರವನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮನುಷ್ಯ ತನ್ನ ಹಾಳೆಯನ್ನು ಒಂದು ಸಲವೂ ಓದಲಿಲ್ಲ. ಅವತ್ತು ಮಾತ್ರ ಎಷ್ಟೋ ವರ್ಷದ ಮೇಲೆ ಊಟ ರುಚಿಸಿತು.

ಮರುದಿನ ಹೋದಾಗ ಬಾಗಿಲ ಸ್ಟೂಲು ಖಾಲಿ. ಒಳಗೆ ಅಟೆಂಡರ್ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ, ಮುಖ ಬಿಳುಚಿತ್ತು. ಮೇಡಂ ಕಣ್ಣು ಕೆಂಪಗಿತ್ತು.

"ಹದಿನೇಳನೇ ಹಾಳೆ ಕಾಣಿಸ್ತಿಲ್ಲ ಸಾರ್" ಎಂದರು. "ನೀವು ಬರೋಕ್ ಮುಂಚೇನೇ ನಾನು ಒಂದೊಂದಕ್ಕೂ ನಂಬರ್ ಹಾಕಿದ್ದೆ. ನೆನ್ನೆ ಸಂಜೆ ಕಟ್ಟು ಕಪಾಟಿಗೆ ಇಟ್ಟೋನು ಇವನೇ. ಡೈರೆಕ್ಟರು ಇವನನ್ನ ತೆಗೆದುಹಾಕ್ತೀನಿ ಅಂತಿದ್ದಾರೆ."

"ಕಟ್ಟು ಬಿಚ್ಚೂ ಇಲ್ಲ ಮೇಡಂ" ಎಂದ ಅಟೆಂಡರ್. "ಕೆಲ್ಸ ಕಾಯಂ ಆಗೋಕೆ ಎರಡೇ ತಿಂಗ್ಳಿತ್ತು."

ಮೇಷ್ಟ್ರು ಜೇಬಿನ ಪೆನ್ಸಿಲ್ ತೆಗೆದು ಅದರ ಮೊನೆ ನೋಡತೊಡಗಿದರು.

"ಹೋಗಿದ್ರೆ ಬೇರೆ ಹಾಳೆ ಹೋಗ್ಬಾರ್ದಿತ್ತಾ" ಎಂದರು ಮೇಡಂ. "ಕೆಲಸ ಮುಗಿದ ದಿನ ನಿಮ್ಮ ಕೈಗೇ ಕೊಟ್ಟು ತೋರಿಸ್ಬೇಕು ಅಂತಿದ್ದೆ. ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿದವರು ಇಸವೀಲಿ ಒಂದು ಅಂಕಿ ಬಿಟ್ಟಿದ್ರು. ನೀವು ಹಸಿರಲ್ಲಿ ಸರಿಯಾದ ಇಸವೀನೇ ಬರೆದಿದ್ರಿ ಸಾರ್. ನಾಲ್ಕು ಅಂಕೀನೂ ಸರಿ. ನೂರು ವರ್ಷ ಕಡಿಮೆ ಮಾಡಿದ್ದು ಆಮೇಲೆ. ಪ್ರೊಫೆಸರ ಹಳೇ ಪುಸ್ತಕದಲ್ಲಿ ಆ ತಪ್ಪು ಇಸವೀನೇ ಇದೆ, ಅದಕ್ಕೆ ಅವರೇ ಹೊಂದಿಸಿಕೊಂಡಿರ್ಬೇಕು. ಅವರು ನೋಡಿದ ಎರಡನೇ ಪ್ರೂಫ್ ಮಾತ್ರ ಯಾವ ಪೆಟ್ಟಿಗೇಲೂ ಇಲ್ಲ."

ಮೇಷ್ಟ್ರು ಕುರ್ಚಿ ಹುಡುಕಿಕೊಂಡು ಕೂತರು. ಮೊದಲು ಪ್ರೊಫೆಸರ ಮೇಲೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಆ ಎರಡು ಸಾಲು ಬರೆದು, ದಿನಾ ಎದುರಿಗೆ ಕೂತು ಕಾಫಿ ಕುಡಿದನಲ್ಲ ಪುಣ್ಯಾತ್ಮ! ಆಮೇಲೆ ತಮ್ಮ ಮೇಲೇ ಅಸಹ್ಯ ಹುಟ್ಟಿತು. ಎದುರಿಗೆ ಅಟೆಂಡರ್ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದ. ತಾವು ಸುಮ್ಮನಿದ್ದರೆ ಸಾಕು, ಇವನೂ ಮನೆಗೆ ಹೋಗಿ, ಯಾವಾಗಲೋ ತನ್ನ ಕೈಯೇ ತಪ್ಪಿರಬೇಕು ಎಂದು ನಂಬಿಬಿಡುತ್ತಾನೆ.

"ಇವನನ್ನ ಬಿಡಮ್ಮ" ಎಂದರು. "ಆ ಹಾಳೆ ಕದ್ದೋನು ನಾನು. ಸುಟ್ಟುಬಿಟ್ಟೆ."

ಯಾಕೆ ಎಂದು ಮೇಡಂ ಕೇಳಿದರು. ಮೇಷ್ಟ್ರು ಎಲ್ಲವನ್ನೂ ಹೇಳಿದರು, ಬನಿಯನ್ನಿನ ವಿಷಯವನ್ನೂ ಬಿಡದೆ. ಅಟೆಂಡರ್ ಮುಖ ಒರೆಸಿಕೊಂಡು ತನ್ನ ಸ್ಟೂಲಿಗೆ ಹೋದ. ಮೇಡಂ ರಿಜಿಸ್ಟರ್ ತೆರೆದು ಬರೆದರು: ಹದಿನೇಳನೇ ಹಾಳೆ ಇಲ್ಲ, ಪತ್ರಿಕೆಯ ಮಾಜಿ ಪ್ರೂಫ್ ತಿದ್ದುಗರು ತೆಗೆದುಕೊಂಡು ಹೋಗಿ ನಾಶ ಮಾಡಿದ್ದಾರೆ.

"ಅದರ ಕೆಳಗೆ ಇನ್ನೊಂದು ಸಾಲು ಬರೀತೀಯಾ ತಾಯಿ?" ಎಂದರು ಮೇಷ್ಟ್ರು. "ಅದರಲ್ಲಿ ಇಸವಿ ಸರಿಯಾಗಿತ್ತು ಅಂತ?"

"ನಾನು ಕಣ್ಣಾರೆ ನೋಡಿದ್ದೀನಿ ಸಾರ್" ಎಂದರು ಮೇಡಂ. "ಆದರೆ ಇಲ್ಲದ ಹಾಳೇಲಿ ಏನಿತ್ತು ಅಂತ ಬರೆಯೋ ಹಾಗಿಲ್ಲ."

ಮೇಷ್ಟ್ರು ತಲೆಯಾಡಿಸಿ, ಆಕೆ ತೋರಿಸಿದ ಕಡೆ ಸಹಿ ಹಾಕಿದರು.